ಕೃಷ್ಣಸ್ವಾಮಿಯವರ ಜನವರಿ ಮೂರು

ಅಮೆರಿಕದ ಪ್ಲೇನ್ಸ್‌ಬರೋದಲ್ಲಿ ಯಾರೂ ನಡೆಯುವುದಿಲ್ಲ. ಹಾಲು ತರಬೇಕೆಂದರೂ ಕಾರು, ಎದುರು ಬಿಲ್ಡಿಂಗಿನವರ ಮನೆಯ ಪೂಜೆಗೆ ಹೋಗಬೇಕೆಂದರೂ ಕಾರು. ಅಂಥ ಊರಿನಲ್ಲಿ ಪ್ರತಿ ಶನಿವಾರ ಬೆಳಿಗ್ಗೆ ಬೆನ್ನಿಗೊಂದು ಚೀಲ ಏರಿಸಿಕೊಂಡು, ರಸ್ತೆಯ ಅಂಚಿನ ಹುಲ್ಲಿನ ಮೇಲೆ ಹೆಜ್ಜೆ ಎಣಿಸುತ್ತ ಮೈಲಿಗಟ್ಟಲೆ ಹೋಗುವ ಮನುಷ್ಯನೊಬ್ಬನಿದ್ದರೆ ಯಾರಿಗಾದರೂ ಅನುಮಾನ ಬರಲೇಬೇಕು. ನನಗೆ ಎಲ್ಲರಿಗಿಂತ ಮೊದಲು ಬಂತು. ಅನುಮಾನ ನನಗೆ ಹುಟ್ಟುಗುಣ. ಮೈಸೂರಿನಲ್ಲಿದ್ದಾಗ ಗ್ಯಾಸ್ ಸಿಲಿಂಡರ್ ತಂದವನನ್ನು ಬಾಗಿಲಲ್ಲೇ ನಿಲ್ಲಿಸಿಕೊಂಡು ತೂಕ ಹಾಕಿಸುತ್ತಿದ್ದವಳು ನಾನು. ನನ್ನ ಗಂಡ ಶ್ರೀನಿ ಇದನ್ನು ಕಾಯಿಲೆ ಎನ್ನುತ್ತಾರೆ. ನಾನು ಎಚ್ಚರ ಎನ್ನುತ್ತಿದ್ದೆ.

ಹಾಗೆ ನಡೆಯುತ್ತಿದ್ದವರು ನಮ್ಮ ಮೇಲಿನ ಮನೆಯ ಕೃಷ್ಣಸ್ವಾಮಿ. ಊರು ಶ್ರೀರಂಗಪಟ್ಟಣ. ಕೋಟೆಯೊಳಗೇ ಮನೆ, ಮಂಡ್ಯದಲ್ಲಿ ಇಂಜಿನಿಯರಿಂಗ್, ಆಮೇಲೆ ಬೆಂಗಳೂರಿನ ಬ್ಯಾಂಕೊಂದರ ಕಂಪ್ಯೂಟರ್ ವಿಭಾಗದಲ್ಲಿ ಹತ್ತು ವರ್ಷ. ಎರಡು ಸಾವಿರದ ಇಸವಿ ಬಂದರೆ ಕಂಪ್ಯೂಟರುಗಳೆಲ್ಲ ಕೈಕೊಡುತ್ತವೆ ಎಂದು ಅಮೆರಿಕ ಹೆದರಿ ಕೂತಾಗ ನಮ್ಮವರನ್ನು ವಿಮಾನಗಟ್ಟಲೆ ಕರೆಸಿಕೊಂಡರಲ್ಲ, ಆಗ ಬಂದವರು. ಹೆಂಡತಿ ಉಷಾ, ಎಂಟು ವರ್ಷದ ಮಗಳು ಅಕ್ಷಯಾ. ಮನುಷ್ಯ ಮಾತು ಕಡಿಮೆ. ಮೇಲ್‌ಬಾಕ್ಸಿನ ಹತ್ತಿರ ಸಿಕ್ಕರೆ ಒಂದು ನಗು, ಹವಾಮಾನದ ಬಗ್ಗೆ ಕೇಳಿದರೆ ಒಂದು "ಹೂಂ". ಕನ್ನಡ ಕೂಟದ ಪಾಟ್‌ಲಕ್‌ಗೆ ಬಂದರೆ ಮೂಲೆಯಲ್ಲಿ ಕೂತು ಪುಳಿಯೋಗರೆ ತಿಂದು ಎದ್ದುಹೋಗುವರು. "ಪಾಪದ ಮನುಷ್ಯ ಕಣೇ" ಎನ್ನುತ್ತಿದ್ದರು ಶ್ರೀನಿ. ಪಾಪದ ಮನುಷ್ಯರ ಬಗ್ಗೆ ನನ್ನ ಅಭಿಪ್ರಾಯವೇ ಬೇರೆ.

ಎರಡು ಸಾವಿರದ ಒಂದರ ಸೆಪ್ಟೆಂಬರ್ ಬಂತು. ನಮ್ಮ ಕಾಂಪ್ಲೆಕ್ಸಿನ ಎಷ್ಟೋ ಮಂದಿ ದಿನವೂ ರೈಲಿನಲ್ಲಿ ನ್ಯೂಯಾರ್ಕಿಗೆ ಕಮ್ಯೂಟ್ ಮಾಡುತ್ತಿದ್ದರು. ವಿಮಾನ ಬಡಿದು ಅವಳಿ ಗೋಪುರ ಉರುಳಿದ ಆ ಮಂಗಳವಾರದ ನಂತರ ಸ್ಟೇಷನ್ನಿನ ಪಾರ್ಕಿಂಗಿನಲ್ಲಿ ಕೆಲವು ಕಾರುಗಳು ನಿಂತಲ್ಲೇ ನಿಂತಿದ್ದವು. ನಮ್ಮವರೆಲ್ಲ ಕಾರಿಗೆ ಅಮೆರಿಕದ ಬಾವುಟ ಸಿಕ್ಕಿಸಿಕೊಂಡರು. ಪ್ರೀತಿ ಎಷ್ಟಿತ್ತೋ, ಹೆದರಿಕೆಯಂತೂ ಅದಕ್ಕಿಂತ ಜಾಸ್ತಿ ಇತ್ತು. ಅಕ್ಟೋಬರಿನಲ್ಲಿ ವಿಷದ ಪುಡಿ ತುಂಬಿದ ಕಾಗದಗಳ ಸುದ್ದಿ. ಅವುಗಳ ಮೇಲಿದ್ದದ್ದು ಟ್ರೆಂಟನ್ ಅಂಚೆಯ ಮುದ್ರೆ, ನಮ್ಮ ಮನೆಯ ಕಾಗದಗಳಿಗೆ ಬೀಳುವ ಮುದ್ರೆಯೇ. ನಾನು ಪಾತ್ರೆ ತೊಳೆಯುವ ಗ್ಲೌಸ್ ಹಾಕಿಕೊಂಡು ಕರೆಂಟ್ ಬಿಲ್ ಒಡೆಯುತ್ತಿದ್ದೆ. ಅಂಥ ದಿನಗಳಲ್ಲಿ ಕೃಷ್ಣಸ್ವಾಮಿಯವರು ಶ್ರೀನಿಯನ್ನು ಮೆಟ್ಟಿಲ ಮೇಲೆ ನಿಲ್ಲಿಸಿ, "ಈ ಊರಲ್ಲಿ ಗೋಣಿತಾಟು ಎಲ್ಲಿ ಸಿಗುತ್ತೆ?" ಎಂದು ಕೇಳಿದರಂತೆ.

"ಯಾಕಂತೆ?" ಎಂದೆ.

"ನಾನ್ಯಾಕೆ ಕೇಳ್ಲಿ? ಹೋಮ್ ಡಿಪೋದಲ್ಲಿ ನೋಡಿ ಅಂದೆ."

ಇಂಥ ಗಂಡಸನ್ನು ಕಟ್ಟಿಕೊಂಡ ಮೇಲೆ ಎಚ್ಚರದ ಕೆಲಸವೆಲ್ಲ ನನ್ನ ತಲೆಗೇ ಬಂತು.

ನವರಾತ್ರಿಯ ಶುಕ್ರವಾರ ಉಷಾ ಗೊಂಬೆ ನೋಡಲು ಕರೆದಳು. ಮೈಸೂರು ಕಡೆಯವರು ಎಲ್ಲಿದ್ದರೂ ಗೊಂಬೆ ಕೂರಿಸದೆ ಬಿಡುವವರಲ್ಲ. ಪುಸ್ತಕದ ಪೆಟ್ಟಿಗೆಗಳನ್ನು ಒಂದರ ಮೇಲೊಂದು ಇಟ್ಟು, ಬಿಳಿ ಪಂಚೆ ಹೊದಿಸಿ ಏಳು ಮೆಟ್ಟಿಲು ಮಾಡಿದ್ದಳು. ಮೇಲೆ ಪಟ್ಟದ ಗೊಂಬೆ, ಕೆಳಗೆ ದಶಾವತಾರ, ಸೆಟ್ಟಿ ದಂಪತಿ, ಎಲ್ಲ ಕ್ರಮವಾಗಿಯೇ ಇತ್ತು. ಮೆಟ್ಟಿಲ ಬುಡದಲ್ಲಿ ರಾಗಿ ಪೈರು ಬೆಳೆಸಿ ಪಾರ್ಕು ಮಾಡುವುದು ನಮ್ಮ ವಾಡಿಕೆ. ಪಾರ್ಕಿನಲ್ಲಿ ಬೆಂಚು, ಬಾತುಕೋಳಿ ಇಡುತ್ತೇವೆ. ಇಲ್ಲಿ ಪೈರಿನ ನಡುವೆ ಬೂದು ಕಾಗದದ ರಸ್ತೆಗಳಿದ್ದವು. ನೀಲಿ ರಿಬ್ಬನ್ನಿನ ಹೊಳೆ, ಬೆಂಕಿಕಡ್ಡಿಯ ಎರಡು ಸೇತುವೆ, ಒಂದು ಮೂಲೆಯಲ್ಲಿ ಕೆಂಪು ಬಲ್ಬುಗಳ ಸಾಲು. ಒಬ್ಬ ಮನುಷ್ಯನ ಗೊಂಬೆಯೂ ಇಲ್ಲ. ಬಗ್ಗಿ ನೋಡಿದೆ. ಸಣ್ಣ ಸಣ್ಣ ಚೀಟಿಗಳ ಮೇಲೆ ಕನ್ನಡದಲ್ಲಿ ಹೆಸರು: ಟ್ರೆಂಟನ್, ಪ್ರಿನ್ಸ್‌ಟನ್, ಕ್ವೇಕರ್ ಬ್ರಿಡ್ಜ್. ಕ್ವೇಕರ್ ಬ್ರಿಡ್ಜ್ ಎಂದರೆ ನಾವು ವಾರವಾರ ಮಾಲ್‌ಗೆ ಹೋಗುವ ರಸ್ತೆ!

"ಇದೇನು ಉಷಾ?"

"ಅಯ್ಯೋ, ಅದು ಇವರದ್ದು. ಏನೂಂತ ಕೇಳಿದ್ರೆ ಮುಗೀಲಿ, ಆಮೇಲೆ ಹೇಳ್ತೀನಿ ಅಂತಾರೆ. ನಾನು ಕೇಳೋದೇ ಬಿಟ್ಟೆ."

"ಇಟ್ಸ್ ಎ ಸರ್ಪ್ರೈಸ್, ಆಂಟಿ" ಎಂದಳು ಅಕ್ಷಯಾ.

ಉಷಾ ಕುಂಕುಮದ ಬಟ್ಟಲು ಹಿಡಿದುಕೊಂಡೇ ತನ್ನ ಚಿಂತೆ ತೋಡಿಕೊಂಡಳು. "ನಮ್ಮ ಗ್ರೀನ್ ಕಾರ್ಡ್ ಇಂಟರ್‌ವ್ಯೂ ಡಿಸೆಂಬರ್‌ಗೆ ಬಂದಿದೆ ರಂಜನಿ. ಅದೊಂದು ಆಗ್ಬಿಟ್ರೆ ಸಾಕು. ಇವರ ಕಂಪ್ನೀಲಿ ದಿನಾ ಒಬ್ಬೊಬ್ರನ್ನ ಮನೆಗೆ ಕಳಿಸ್ತಿದಾರೆ. ಈಗೇನಾದ್ರೂ ಹೆಚ್ಚುಕಮ್ಮಿ ಆದ್ರೆ ಅಕ್ಷಯಾನ ಸ್ಕೂಲ್ ಬಿಡಿಸಿ ಗಂಟುಮೂಟೆ ಕಟ್ಟೋದೇ." ನಾನು ಸಮಾಧಾನದ ಮಾತು ಹೇಳಿದೆ. ಅವಳು ತಾಂಬೂಲ ತರಲು ಒಳಗೆ ಹೋದಳು. ಪಾರ್ಕಿನ ಪಕ್ಕದಲ್ಲಿ ಒಂದು ನೋಟ್‌ಬುಕ್ಕಿತ್ತು. ತೆರೆದೆ.

ಎಲ್ಲ ಕನ್ನಡದಲ್ಲೇ, ಅಂಕಿಗಳೂ ಕನ್ನಡದವೇ. ದುಂಡನೆಯ, ಮೇಷ್ಟರು ಮೆಚ್ಚುವ ಅಕ್ಷರ. ಸಿಕ್ಕಿದ ಪುಟದಲ್ಲಿ ಹೀಗಿತ್ತು: "ಜನವರಿ ೩. ಬೆಳಗಾಗುವುದರೊಳಗೆ ತಲುಪಬೇಕು. ಗಾಲಿಗಳಿಗೆ ಗೋಣಿ ಸುತ್ತಬೇಕು, ಸದ್ದಾಗಬಾರದು. ಅತ್ತ ಬೆಂಕಿ ಉರಿಯುತ್ತಲೇ ಇರಬೇಕು. ಕಾವಲಿನವರಿಗೆ ಗೊತ್ತಾಗಬಾರದು. ಸೇತುವೆ ಒಡೆಯಲು ಎಷ್ಟು ಹೊತ್ತು? ಇನ್ನೊಮ್ಮೆ ಹೋಗಿ ನೋಡಬೇಕು."

ಮುಂದಿನ ಪುಟ ತಿರುವುವಷ್ಟರಲ್ಲಿ ಉಷಾಳ ಬಳೆ ಸದ್ದಾಯಿತು. ನೋಟ್‌ಬುಕ್ ಮುಚ್ಚಿಟ್ಟು, ಕಡಲೆ ಉಸಲಿ ಇಸಿದುಕೊಂಡು ಮನೆಗೆ ಬಂದೆ.

ಎರಡು ದಿನ ಒದ್ದಾಡಿದೆ. ಶ್ರೀನಿಗೆ ಹೇಳಲಿಲ್ಲ. ಹೇಳಿದರೆ ನಗುತ್ತಿದ್ದರು, ಇಲ್ಲವೇ ಮೇಲೆ ಹೋಗಿ ಅವರನ್ನೇ ಕೇಳಿಬಿಡುತ್ತಿದ್ದರು. ಸೋಮವಾರ ಶ್ರೀನಿ ಆಫೀಸಿಗೆ ಹೋದ ಮೇಲೆ, ಅನುಮಾನ ಬಂದರೆ ತಿಳಿಸಿ ಎಂದು ಟಿವಿಯಲ್ಲಿ ತೋರಿಸುತ್ತಿದ್ದ ನಂಬರಿಗೆ ಫೋನ್ ಮಾಡಿದೆ. ನನ್ನ ಹೆಸರು ಹೇಳಲಿಲ್ಲ. ಕೃಷ್ಣಸ್ವಾಮಿಯವರ ಹೆಸರು ಹೇಳಿದೆ, ಅಪಾರ್ಟ್‌ಮೆಂಟ್ ನಂಬರ್ ಹೇಳಿದೆ, ಸೇತುವೆ ಹೇಳಿದೆ, ಜನವರಿ ಮೂರು ಎಂದೆ. ಉಷಾಳ ಡಿಸೆಂಬರ್ ನನ್ನ ನೆನಪಿಗೆ ಬರಲಿಲ್ಲ ಎಂದರೆ ಸುಳ್ಳಾಗುತ್ತದೆ. ಬಂತು. ಬಂದರೂ ಡಯಲ್ ಮಾಡಿದೆ.

ವಾರ ಕಳೆದು ಇಬ್ಬರು ಅಧಿಕಾರಿಗಳು ಮೇಲಿನ ಮನೆಗೆ ಬಂದರು. ನಾನು ಅಡುಗೆಮನೆಯಲ್ಲಿ ನಿಂತು ಸೂರಿಗೆ ಕಿವಿ ಕೊಟ್ಟೆ. ಬೂಟಿನ ಸದ್ದು, ಕುರ್ಚಿ ಎಳೆದ ಸದ್ದು ಕೇಳಿಸಿತು. ಹೋಗುವಾಗ ರಟ್ಟಿನ ಪೆಟ್ಟಿಗೆಯಲ್ಲಿ ನೋಟ್‌ಬುಕ್ಕುಗಳನ್ನೂ ಕಂಪ್ಯೂಟರನ್ನೂ ಹೊತ್ತುಕೊಂಡು ಹೋದರು. ಉಷಾ ಎರಡು ದಿನ ಹೊರಗೆ ಬರಲಿಲ್ಲ. ನನ್ನ ಅನುಮಾನ ನಿಜವಾಯಿತು ಎಂದು ನನಗೊಂದು ಬಗೆಯ ತೃಪ್ತಿಯಾಯಿತು. ಈಗ ಬರೆಯುವಾಗ ನಾಚಿಕೆಯಾಗುತ್ತದೆ, ಆದರೆ ಆಗ ಆದದ್ದು ತೃಪ್ತಿಯೇ.

ಮುಂದಿನ ಮಂಗಳವಾರ ಅವರಲ್ಲೊಬ್ಬ ಅಧಿಕಾರಿ ನಮ್ಮ ಬಾಗಿಲು ಬಡಿದ. ಕೈಯಲ್ಲಿ ಜೆರಾಕ್ಸ್ ಹಾಳೆಗಳ ಕಟ್ಟು. ಫೋನ್ ಮಾಡಿದವಳು ನಾನೇ ಎಂದು ಪತ್ತೆ ಹಚ್ಚಿದನೇ ಎಂದು ಹೆದರಿದೆ. ಅವನಿಗೆ ಬೇಕಾದದ್ದು ಬೇರೆಯೇ. ಈ ಭಾಷೆ ಓದಬಲ್ಲವರು ಅವರ ಕಡೆ ಯಾರೂ ಇಲ್ಲವಂತೆ. ಓದುವವರು ಗೊತ್ತೇ ಎಂದು ಕೃಷ್ಣಸ್ವಾಮಿಯನ್ನೇ ಕೇಳಿದರಂತೆ. ಅವರು ನನ್ನ ಹೆಸರು ಕೊಟ್ಟರಂತೆ.

ಅಂದು ಮನೆಯಿಂದಲೇ ಕೆಲಸ ಮಾಡುತ್ತಿದ್ದ ಶ್ರೀನಿ ನನ್ನನ್ನು ರೂಮಿಗೆ ಕರೆದು ಪಿಸುಗುಟ್ಟಿದರು. "ಓದಕ್ಕೆ ಬರಲ್ಲ ಅಂದ್ಬಿಡು. ನಮ್ಮ ಅಪ್ಲಿಕೇಶನ್ನೂ ಪೆಂಡಿಂಗ್ ಇದೆ. ಇದ್ರಲ್ಲಿ ನಾವು ಇನ್ವಾಲ್ವ್ ಆಗೋದ್ ಬೇಡ." ಅವರಿಗೆ ಆ ಫೋನಿನ ವಿಷಯ ಗೊತ್ತಿರಲಿಲ್ಲ. ನಾನು ಹೊರಗೆ ಬಂದು ಊಟದ ಮೇಜಿನ ಮುಂದೆ ಕೂತೆ. ಒಳ್ಳೆಯತನದಿಂದಲ್ಲ. ಆ ಪುಟ ತಿರುವಿದ ಮೇಲೆ ಏನಿತ್ತು ಎಂದು ತಿಳಿಯಬೇಕಿತ್ತು.

ಮೊದಲ ಹಾಳೆ ಓದಿ ಇಂಗ್ಲಿಷಿನಲ್ಲಿ ಹೇಳುತ್ತ ಹೋದೆ. "ನಾನು ಹುಟ್ಟಿ ಬೆಳೆದದ್ದು ಶ್ರೀರಂಗಪಟ್ಟಣದ ಕೋಟೆಯೊಳಗೆ. ಸಾವಿರದ ಏಳುನೂರ ತೊಂಬತ್ತೆರಡರಲ್ಲಿ ನಮ್ಮೂರಿಗೆ ಮುತ್ತಿಗೆ ಹಾಕಿ, ಟಿಪ್ಪುವಿನ ಎರಡು ಮಕ್ಕಳನ್ನು ಒತ್ತೆಯಾಗಿ ಕರೆದೊಯ್ದ ಕಾರ್ನ್‌ವಾಲಿಸ್ ಎಂಬ ಹೆಸರನ್ನು ಅಜ್ಜಿಯ ಬಾಯಲ್ಲಿ ಕೇಳಿದ್ದೆ. ಪ್ರಿನ್ಸ್‌ಟನ್ನಿನ ಮೈದಾನದ ಫಲಕದಲ್ಲಿ ಅದೇ ಹೆಸರು ಕಂಡು ನಿಂತುಬಿಟ್ಟೆ. ನಮ್ಮೂರಿಗೆ ಬರುವ ಹದಿನೈದು ವರ್ಷ ಮೊದಲು ಈತ ಇಲ್ಲಿ ಮೋಸಹೋಗಿದ್ದ."

ನಾಲ್ಕನೆಯ ಸಾಲಿಗೆ ಅಧಿಕಾರಿ ಪೆನ್ನು ಕೆಳಗಿಟ್ಟ. "ಪ್ರಿನ್ಸ್‌ಟನ್ ಯುದ್ಧ" ಎಂದ. "ಜನವರಿ ಮೂರು, ಸಾವಿರದ ಏಳುನೂರ ಎಪ್ಪತ್ತೇಳು. ಇಲ್ಲಿ ನಾಲ್ಕನೇ ಕ್ಲಾಸಿನ ಮಕ್ಕಳಿಗೂ ಗೊತ್ತು."

ನನಗೆ ಗೊತ್ತಿರಲಿಲ್ಲ. ಐದು ವರ್ಷದಿಂದ ಈ ಊರಿನಲ್ಲಿದ್ದು ನನಗೆ ಗೊತ್ತಿದ್ದದ್ದು ಮಾಲ್ ಒಂದೇ.

ಹಾಗಂತ ಅವನು ಬಿಡಲಿಲ್ಲ, ಎಲ್ಲವನ್ನೂ ಓದಿಸಿದ. ಎರಡು ಗಂಟೆ ಓದಿದೆ. ಟ್ರೆಂಟನ್ನಿನ ಹೊಳೆಯಾಚೆ ಕಾರ್ನ್‌ವಾಲಿಸನ ಬ್ರಿಟಿಷರು ಬೀಡುಬಿಟ್ಟಿದ್ದರು. ಬೆಳಗಾದರೆ ವಾಷಿಂಗ್ಟನ್ನನ ದಂಡನ್ನು ಹಿಡಿದುಹಾಕುತ್ತೇವೆ ಎಂದು ನೆಮ್ಮದಿಯಿಂದಿದ್ದರು. ವಾಷಿಂಗ್ಟನ್ನನ ಕಡೆಯವರು ಬೆಂಕಿ ಉರಿಯುತ್ತಿರಲು ಒಂದಷ್ಟು ಜನರನ್ನು ಬಿಟ್ಟು, ಫಿರಂಗಿಯ ಗಾಲಿಗಳಿಗೆ ಬಟ್ಟೆ ಸುತ್ತಿ, ಕ್ವೇಕರ್ ಬ್ರಿಡ್ಜಿನ ದಾರಿ ಹಿಡಿದು, ಹಿಂದಿನಿಂದ ಹೋಗಿ ಪ್ರಿನ್ಸ್‌ಟನ್ ಮೇಲೆ ಬಿದ್ದರು; ಬೆನ್ನಟ್ಟಿ ಬರುವವರನ್ನು ತಡೆಯಲು ದಾರಿಯ ಸೇತುವೆಯೊಂದನ್ನು ಒಡೆದರು. ಕೃಷ್ಣಸ್ವಾಮಿ ಆ ದಾರಿಯನ್ನು ತುಂಡು ತುಂಡಾಗಿ ನಡೆದು ಅಳೆದಿದ್ದರು. ಅಕ್ಷಯಾಳ ಆಟದ ಗಾಡಿಯ ಗಾಲಿಗೆ ಗೋಣಿ ಸುತ್ತಿ, ಸದ್ದು ಎಷ್ಟು ಕಡಿಮೆಯಾಗುತ್ತದೆಂದು ನೋಡಬೇಕೆಂದು ಬರೆದಿದ್ದರು. ಒಂದು ಕಡೆ ಹೀಗಿತ್ತು: "ಶ್ರೀರಂಗಪಟ್ಟಣದ ಮೇಲೆ ಆತ ಬಿದ್ದದ್ದೂ ರಾತ್ರಿಯೇ. ರಾತ್ರಿಯ ಪಾಠವನ್ನು ಇಲ್ಲಿ ಕಲಿತು ನಮ್ಮ ಮೇಲೆ ಪ್ರಯೋಗಿಸಿದನೇ? ಹಾಗಾದರೆ ನಮ್ಮೂರು ಸೋತದ್ದು ಈ ರಸ್ತೆಯಲ್ಲಿ." ಕೊನೆಯ ಹಾಳೆಯಲ್ಲಿ ಸಂಕ್ರಾಂತಿಗೆ ಕನ್ನಡ ಕೂಟದಲ್ಲಿ ಮಾಡಬೇಕಾದ ಭಾಷಣದ ಟಿಪ್ಪಣಿಯಿತ್ತು. ಕೆಳಗೆ, "ಮುಂದೆ ಪುಸ್ತಕ ಮಾಡಬೇಕು, ಕನ್ನಡದಲ್ಲಿ ಯಾರೂ ಬರೆದ ಹಾಗಿಲ್ಲ" ಎಂದಿತ್ತು.

ಅಧಿಕಾರಿ ಒಂದು ಹಾಳೆಗೆ ಸಹಿ ಹಾಕಿಸಿಕೊಂಡು, ಥ್ಯಾಂಕ್ಸ್ ಹೇಳಿ ಹೋದ. ಅಂದೇ ಶ್ರೀನಿಗೆ ಎಲ್ಲವನ್ನೂ ಹೇಳಿದೆ. ಅವರು ನಗಲಿಲ್ಲ, ಬೈಯಲೂ ಇಲ್ಲ. ಎರಡು ದಿನ ಮಾತು ಬಿಟ್ಟರು.

ಮೂರನೆಯ ದಿನ ಲಾಂಡ್ರಿ ರೂಮಿನಲ್ಲಿ ಕೃಷ್ಣಸ್ವಾಮಿಯವರು ಸಿಕ್ಕರು. ನಾನು ಬಾಯಿ ತೆರೆಯುವ ಮೊದಲೇ ಅವರು ಮಾತಾಡಿದರು. ಅಷ್ಟು ಉದ್ದನೆಯ ಮಾತನ್ನು ಅವರ ಬಾಯಲ್ಲಿ ಕೇಳಿದ್ದು ಅದೇ ಮೊದಲು.

"ಆ ಆಫೀಸರ್ ಬಾಗ್ಲಲ್ಲಿ ಕೇಳಿದ ಮೊದಲ್ನೇ ಪ್ರಶ್ನೆನೇ ಜನವರಿ ಮೂರು ಏನು ಅಂತ. ನನ್ನ ಬುಕ್ಕನ್ನ ಆಗಿನ್ನೂ ಅವರು ನೋಡೇ ಇರ್ಲಿಲ್ಲ. ಆ ಡೇಟ್ ಉಷಾಗೂ ಹೇಳಿರ್ಲಿಲ್ಲ ನಾನು. ಕನ್ನಡ ಓದೋವ್ರು ನೀವೊಬ್ರೇ ಅಲ್ವಾ ಗೊಂಬೆಗೆ ಬಂದಿದ್ದು?"

ವಾಷರ್ ಗರಗರ ತಿರುಗುತ್ತಿತ್ತು. "ಗೊತ್ತಿದ್ದೂ ನನ್ನ ಹೆಸ್ರು ಯಾಕೆ ಕೊಟ್ರಿ?" ಎಂದೆ.

"ಪೂರ್ತಿ ಓದಿದ್ರೆ ನಿಮಗಾದ್ರೂ ನಂಬಿಕೆ ಬರುತ್ತೆ ಅನ್ನಿಸ್ತು" ಎಂದರು. "ಉಷಾಗೆ ಹೇಳಿಲ್ಲ. ನೀವೂ ಹೇಳ್ಬೇಡಿ. ಅವಳಿಗೆ ಇಲ್ಲಿರೋದು ನೀವೊಬ್ರೇ ಫ್ರೆಂಡ್."

ತಪ್ಪಾಯಿತು ಎಂದೆ. ಅವರು "ಹೂಂ" ಎಂದು ಬಟ್ಟೆ ಮಡಿಸತೊಡಗಿದರು.

ಡಿಸೆಂಬರಿನ ಇಂಟರ್‌ವ್ಯೂ ಮುಂದಕ್ಕೆ ಹೋಯಿತು. ಹಿನ್ನೆಲೆ ಪರಿಶೀಲನೆ ಬಾಕಿಯಿದೆ ಎಂದಷ್ಟೇ ಪತ್ರ. ಮಾರ್ಚಿನಲ್ಲಿ ಕೃಷ್ಣಸ್ವಾಮಿಯವರ ಕೆಲಸ ಹೋಯಿತು. ರಾಬಿನ್ಸ್‌ವಿಲ್ಲಿನ ಒಂದು ಗೋದಾಮಿನ ಕಂಪ್ಯೂಟರ್ ಕೆಲಸಕ್ಕೆ ಅರ್ಧ ಸಂಬಳಕ್ಕೆ ಸೇರಿಕೊಂಡರು. ನಮಗೆ ಕಾರ್ಡ್ ಬಂತು. ನಮ್ಮ ನಂತರ ಅರ್ಜಿ ಹಾಕಿದವರಿಗೂ ಬಂತು. ಮೇಲಿನ ಮನೆಗೆ ಬರಲಿಲ್ಲ. "ಆ ವರ್ಷ ಎಷ್ಟೋ ಜನರದ್ದು ಹಾಗೇ ನಿಂತಿತ್ತು, ನಿನ್ನ ಫೋನ್ ಇಂದಾನೇ ಅಂತ ಯಾಕನ್ಕೋತೀಯ?" ಎನ್ನುತ್ತಿದ್ದರು ಶ್ರೀನಿ. ನನ್ನನ್ನು ಸಮಾಧಾನ ಮಾಡಲು ಹೇಳುತ್ತಿದ್ದಾರೆಂದು ನನಗೆ ಅನುಮಾನ. ಉಷಾ ದಿನವೂ ಮೇಲ್‌ಬಾಕ್ಸ್ ನೋಡಿ ಬರಿಗೈಯಲ್ಲಿ ಮೆಟ್ಟಿಲು ಹತ್ತುವಾಗ ನನ್ನ ಬಾಗಿಲ ಮುಂದೆ ನಿಂತು, "ಇವತ್ತೂ ಇಲ್ಲ ರಂಜನಿ" ಎನ್ನುತ್ತಿದ್ದಳು. ಮೂರೂವರೆ ವರ್ಷ ಹಾಗೆ ಹೇಳಿದಳು. ಅದಕ್ಕಿಂತ ದೊಡ್ಡ ಶಿಕ್ಷೆಯನ್ನು ಯಾರೂ ನನಗೆ ಕೊಡಲಿಲ್ಲ.

ಎರಡು ಸಾವಿರದ ಐದರ ಜೂನಿನಲ್ಲಿ ಕಾರ್ಡ್ ಬಂತು. ನಾನು ಹೋಳಿಗೆ ಮಾಡಿಕೊಂಡು ಮೇಲೆ ಹೋದೆ. ಉಷಾ ನನ್ನನ್ನು ಅಪ್ಪಿಕೊಂಡು ಅತ್ತಳು, ನಾನೂ ಅತ್ತೆ. ಕೃಷ್ಣಸ್ವಾಮಿಯವರು ಕಿಟಕಿಯ ಬಳಿ ಏನೋ ಬರೆಯುತ್ತ ಕೂತಿದ್ದರು. ನೆಲದ ಮೇಲೆ ಊರಿನ ನಕ್ಷೆ, ಪಕ್ಕದಲ್ಲಿ ಕೆಸರು ಮೆತ್ತಿದ ಬೂಟು. ನಿಂತುಹೋಗಿದ್ದ ನಡಿಗೆಯನ್ನು ಮತ್ತೆ ಶುರುಮಾಡಿದ್ದಾರೆ ಎಂದು ನನಗೆ ಖುಷಿಯಾಯಿತು. ಹೋಳಿಗೆಯ ತಟ್ಟೆ ಇಡುವ ನೆಪದಲ್ಲಿ ನೋಟ್‌ಬುಕ್ ಕಡೆ ಕಣ್ಣು ಹಾಯಿಸಿದೆ. ಪುಟದ ತುಂಬ ಇಂಗ್ಲಿಷ್. ದೊಡ್ಡ ದೊಡ್ಡ ಬಿಡಿ ಅಕ್ಷರ, ಬ್ಯಾಂಕಿನ ಫಾರಂ ತುಂಬಿದ ಹಾಗೆ.

"ಇದೇನು, ಪುಸ್ತಕ ಇಂಗ್ಲಿಷಲ್ಲಾ?" ಎಂದೆ.

"ಪುಸ್ತಕ ಏನಿಲ್ಲ. ಸುಮ್ನೆ ನೋಟ್ಸು. ಯಾರ್ ಬೇಕಾದ್ರೂ ಓದ್ಕೊಳ್ಲಿ ಅಂತ ಹೀಗೆ."

"ಕನ್ನಡದಲ್ಲಿ ಬರೀರಿ ಸಾರ್. ಯಾರಿಲ್ಲದಿದ್ರೂ ಓದಕ್ಕೆ ನಾನಿದೀನಿ."

ಅವರು ತಲೆ ಎತ್ತಿ ನನ್ನನ್ನು ನೋಡಿದರು. ಕೋಪವೇನೂ ಇರಲಿಲ್ಲ.

"ನೀವು ಒಂದ್ಸಲ ಓದಿದೀರಲ್ಲ" ಎಂದರು.