ಅಕ್ಕಲಕೋಟೆಯ ಗಾಳಿ ಹೊಗದ ಖೋಲಿ

ಜನವರಿಯ ಚಳಿಯಲ್ಲಿ, ಬೆಳಗಿನ ಎಸ್.ಟಿ. ಬಸ್ಸಿಗೆ ಸೊಲ್ಲಾಪುರ ಬಿಟ್ಟೆ. ಅಕ್ಕನ ಕೂಸಿಗೆಂದು ನವಿ ಪೇಠದಲ್ಲಿ ಕೊಂಡ ಕುಂಚಿಗೆ ಚೀಲದಲ್ಲಿತ್ತು. ಅಕ್ಕಲಕೋಟೆಗೆ ಸುಮಾರು ನಲವತ್ತು ಕಿಲೋಮೀಟರು. ಬಸ್ಸಿನ ಕಿಟಕಿಗಳು ಒಂದೂ ಸರಿಯಾಗಿ ಮುಚ್ಚುತ್ತಿರಲಿಲ್ಲ. ಜೋಳದ ಹೊಲಗಳ ಮೇಲಿಂದ ಬೀಸಿದ ಗಾಳಿ ನೇರ ಮುಖಕ್ಕೆ ಬಡಿಯಿತು. ದಾರಿಯುದ್ದಕ್ಕೂ ಅದನ್ನು ಬೈದೆ. ಈಗ ಬೈಯಲಾರೆ.

ಅಕ್ಕ ಶಾಂತಾಳದು ಎರಡನೆಯ ಬಾಣಂತನ, ಹಾಗಾಗಿ ಗಂಡನ ಮನೆಯಲ್ಲೇ ಇದ್ದಳು. ಬಟ್ಟೆ ವ್ಯಾಪಾರಿಯಾದ ಭಾವ ನಾನು ಟಾಂಗಾ ಇಳಿಯುವಷ್ಟರಲ್ಲೇ ಬಾಣಂತಿ ಖೋಲಿಯ ಸುದ್ದಿ ತೆಗೆದರು.

"ಬಾ ಇಂದೂ, ನಿನ್ನ ಬಿಎಸ್ಸಿಯೊಳಗ ಇಂಥಾದ್ದು ಕಲಿಸ್ಯಾರೇನು ನೋಡು. ಗಿರಣಿ ಕಚರಾ ಹತ್ತಿ ತಂದು ಖಿಡಕಿ ಸಂದಿ ಎಲ್ಲಾ ಜಡದೀನಿ. ಮೊದಲ ಬುಟ್ಟಿಗಟ್ಟಲೆ ಇದ್ದಲಿ ಬೇಕಿತ್ತು. ಈಗ ಒಂದ ಶೇಗಡಿ ಹಚ್ಚಿದರ ದಿನಾ ಪೂರಾ ಬೆಚ್ಚಗ. ಖೋಲಿ ಅಲ್ಲದು, ಥರ್ಮಾಸ್ ಬಾಟಲಿ!"

"ನಿನ್ನಿಯಿಂದ ಅಕಿಗೆ ತಲಿನೋವು," ಅಂದರು ಅಕ್ಕನ ಅತ್ತೆ. "ಎಲ್ಲೋ ಗಾಳಿ ಹೊಕ್ಕದ. ಅದಕ್ಕ ಇವತ್ತ ಬೆಳಕಿಂಡಿನೂ ಮುಚ್ಚಿಸೀನಿ."

ನಾನು ಒಳಗೆ ಹೋದೆ. ಹಿಂದೆ ಬಾಗಿಲು ಮುಚ್ಚಿತು; ಹೊಸ್ತಿಲಿಗೆ ಹೊರಗಿನಿಂದ ಗೋಣಿಚೀಲದ ಸುರುಳಿ ಒತ್ತಿದರು. ಓಣಿಯ ಸದ್ದು ಕತ್ತರಿಸಿದಂತೆ ನಿಂತಿತು. ಮೂಲೆಯ ದೀಪದ ಕುಡಿ ಚಿತ್ರದಲ್ಲಿ ಬರೆದಂತೆ ಅಲುಗದೆ ನಿಂತಿತ್ತು. ಮಂಚದ ಕೆಳಗೆ ಶೇಗಡಿಯ ಕೆಂಡ. ಹೊಗೆಯಿಲ್ಲ, ಲೋಬಾನದ ವಾಸನೆ ಮಾತ್ರ.

"ಬಂದಿ ಏನ?" ಎಂದಳು ಅಕ್ಕ. ಕೆನ್ನೆ ಕೆಂಪಗಿತ್ತು. ಕೂತು ಊರಿನ ಸುದ್ದಿ ಹೇಳತೊಡಗಿದೆ. "ಬಂದಿ ಏನ?" ಎಂದಳು ಮತ್ತೆ. ಮೂರನೆಯ ಸಲ ಕೇಳಿದಾಗ ಅವಳ ಕಣ್ಣು ನನ್ನ ಮೇಲಿರಲಿಲ್ಲ.

ನನಗೂ ಹಿತವಾದ ತೂಕಡಿಕೆ ಬಂತು. ಕೈತಪ್ಪಿ ಹಿತ್ತಾಳೆಯ ಚರಿಗೆ ಗಣಗಣನೆ ಉರುಳಿತು. ಮಗ್ಗುಲಲ್ಲೇ ಮಲಗಿದ್ದ ಕೂಸು ಬೆಚ್ಚಲಿಲ್ಲ. ಆಗ ನನಗೆ ತಿಳಿಯಿತು: ಇದು ಕೆಂಡದ ವಿಷಗಾಳಿ. ಏಳಲು ಹೋದೆ, ಕಾಲು ನನ್ನವಲ್ಲ. ಕೂಗಿದೆ, ದನಿ ಅರಿವೆಯೊಳಗೆ ಹುದುಗಿದಂತಾಯಿತು. ಕೂಸನ್ನು ಎದೆಗೊತ್ತಿ ತೆವಳಿ ಬಾಗಿಲಿಗೆ ಭುಜ ಕೊಟ್ಟೆ. ಗೋಣಿಚೀಲ ತಡೆಯಿತು. ಮತ್ತೆ ಕೊಟ್ಟೆ.

"ಅಯ್ಯ, ಗಾಳಿ! ಬಾಣಂತಿಗೆ ಗಾಳಿ!" ಅತ್ತೆ ಓಡಿಬಂದು ಬಾಗಿಲು ದೂಡಿ ಹಿಡಿದರು.

ಸಂದಿಯಲ್ಲಿ ಕೂಸಿನ ಮುಖ ತೋರಿಸಿದೆ. ಅವರು ಕೈಬಿಟ್ಟರು.

ಭಾವ ಅಕ್ಕನನ್ನು ಎತ್ತಿ ಅಂಗಳಕ್ಕೆ ತಂದರು. ಕೂಸು ಅಳುವ ಮೊದಲಿನ ಆ ಮೌನ ಈಗಲೂ ನನ್ನೊಳಗೆ ಮುಗಿದಿಲ್ಲ. ಅಕ್ಕ ಗುರುತು ಹಿಡಿದು ಮಾತಾಡಿದ್ದು ಸಂಜೆಗೆ.

"ಇದ್ದಲಿನೂ ಗಾಳಿ ತಿಂತದ, ಮನಶ್ಯಾನೂ ತಿಂತಾನ," ಎಂದರು ಊರಿನ ಡಾಕ್ಟರು. "ಹತ್ತಿ ಇರಲಿ, ಬೆಚ್ಚಗಿರತದ. ಬೆಂಕಿ ಹೊರಗ ಇಡ್ರಿ, ಬೆಳಕಿಂಡಿ ತಗೀರಿ. ತಲಿನೋವು ಗಾಳಿ ಹೊಕ್ಕಿದ್ದಕ್ಕಲ್ಲ, ಹೊಗದ್ದಕ್ಕ."

ಅತ್ತೆ ಎದ್ದು ಬೆಳಕಿಂಡಿ ತೆಗೆಸಲು ಹೋದರು.

ನಾಲ್ಕು ದಿನ ಇದ್ದು ಹೊರಟೆ. ಅಕ್ಕ, ಕೂಸು ಕಟ್ಟೆಯ ಬಿಸಿಲಿನಲ್ಲಿ ಮಲಗಿದ್ದರು. ಅತ್ತೆ ಗಾಳಿ ಬರುವ ಕಡೆಗೆ ಬೆನ್ನು ಕೊಟ್ಟು, ಸೆರಗು ಅಗಲಿಸಿ, ತಾವೇ ಗೋಡೆಯಾಗಿ ಕೂತಿದ್ದರು. ಟಾಂಗಾ ಓಣಿಯ ತಿರುವಿಗೆ ಬಂದಾಗ ಹಿಂತಿರುಗಿ ನೋಡಿದೆ. ಅಷ್ಟು ದೂರದಿಂದ ಕೂಸು ಅಲುಗುವುದು ಕಾಣಲಿಲ್ಲ.

"ಅಕ್ಕಾ!" ಎಂದು ಚೀರಿದೆ.

ಕಟ್ಟೆಯಿಂದ ಕೂಸಿನ ಅಳು ಎದ್ದಿತು.

"ಮಲಗಿದ ಕೂಸನ್ನ ಯಾಕ ಎಬ್ಬಿಸಿದ್ರಿ, ಬಾಯಾರ?" ಎಂದ ಟಾಂಗಾದವ.

ನಾನು ಅಳು ಕೇಳಿಸುವಷ್ಟು ದೂರವೂ ಕಿವಿಗೊಟ್ಟು ಕೂತೆ.