ಬೀಜಕ್ಕೆ ಪುರಸೊತ್ತು ಕೊಡುವ ಶಂಕ್ರೆವ್ವ

ಮನಗೂಳಿಯಲ್ಲಿ ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಊರ ಹೊರಗೆ ಬೀಜ ಬೆಳೆಗಾರರ ಸಂಘದ ತಗಡಿನ ಪತ್ರಾಸ್ ಶೆಡ್ಡಿನಲ್ಲಿ ಶಂಕ್ರೆವ್ವ ಆಗಲೇ ಸೆರಗು ಸೊಂಟಕ್ಕೆ ಸಿಕ್ಕಿಸಿ ಕುಕ್ಕರಗಾಲಿನಲ್ಲಿ ಕೂತಿದ್ದಾರೆ. ಮುಂದೆ ಗೋಣಿತಟ್ಟಿನ ಮೇಲೆ ಸೂರ್ಯಕಾಂತಿ ತೆನೆಗಳು, ಒಂದಕ್ಕೊಂದು ತಾಗದಂತೆ. ಒಂದನ್ನು ಎತ್ತುತ್ತಾರೆ, ಬೆನ್ನು ಒತ್ತಿ ನೋಡುತ್ತಾರೆ, ಮಗ್ಗುಲು ಬದಲಿಸಿ ಇಡುತ್ತಾರೆ. ಹೀಗೆ ಎರಡು ಸಾವಿರ ತೆನೆ, ದಿನಕ್ಕೆ ಮೂರು ಸುತ್ತು. ಮಾತಾಡಿಸಲು ಹೋದರೆ ತಲೆಯನ್ನೂ ಎತ್ತುವುದಿಲ್ಲ.

"ಮೊದಲ ಈ ಸಾಲು ಮುಗೀಲ್ರಿ. ಬಾಯಿ ಬಿಟ್ರ ಕೈ ನಿಲ್ಲತಾವ ನನಗ."

ಸಾಲು ಮುಗಿಯುತ್ತದೆ, ಚಹಾ ಬರುತ್ತದೆ, ಆಮೇಲೆ ಬಾಯಿ ನಿಲ್ಲುವುದಿಲ್ಲ! ಐವತ್ತೈದು ದಾಟಿದ ಶಂಕ್ರೆವ್ವನ ತವರು ಮುಳವಾಡ. ಗಂಡ ಸಂಗಣ್ಣ ಮುದ್ದೇಬಿಹಾಳದ ಮಾರ್ಕೆಟ್ ಯಾರ್ಡಿನಲ್ಲಿ ಚೀಲ ಹೊರುತ್ತಿದ್ದವರು. ಸೊಂಟ ಹಿಡಿದುಕೊಂಡು ಮನೆಯಲ್ಲಿ ಕೂತು ಹದಿನೈದು ವರ್ಷವಾಯಿತು. ಆ ವರ್ಷವೇ ಈಕೆ ಸಂಘದ ಶೆಡ್ಡಿಗೆ ಬಂದದ್ದು. ಬೀಜ ಒಣಗಿಸುವುದೇ ಕೆಲಸ. ಅದೇನು ಮಹಾ ಎಂದು ಕೇಳಿದವರಿಗೆ ಒಂದು ಹಳೆಯ ಕಥೆ ಕಾದಿರುತ್ತದೆ.

ಮದುವೆಯಾದ ಹೊಸತರಲ್ಲಿ ಅತ್ತೆ ಉಳ್ಳಾಗಡ್ಡಿ ಬೀಜದ ತೆನೆ ಕೈಗೆ ಕೊಟ್ಟು, ಒಣಗಿಸಿಡು ಎಂದಿದ್ದರು. ಬೇಗ ಮುಗಿಸಿ ಹೊಗಳಿಸಿಕೊಳ್ಳುವ ಆಸೆ ಈಕೆಗೆ. ಹಸಿ ಇರುವಾಗಲೇ ಉದುರಿಸಿ, ಮಟಮಟ ಮಧ್ಯಾಹ್ನ ಪತ್ರಾಸಿನ ಮೇಲೆ ಹರವಿಬಿಟ್ಟರು. ಒಂದೇ ದಿನಕ್ಕೆ ಗರಿಗರಿ, ಕರ್ರಗೆ ಮಿಂಚುವ ಬೀಜ. ಸಸಿ ಮಡಿಗೆ ಹಾಕಿದರೆ ಒಂದು ಎಳೆಯೂ ಏಳಲಿಲ್ಲ.

"ಅತ್ತಿ ಬೈದಿದ್ರ ಚಲೋ ಇತ್ತ್ರಿ. ಬೈಲಿಲ್ಲ. ಒಂದು ಹಂಗಾಮು ಪೂರಾ ನನ್ನ ಮಾರಿ ನೋಡಲಿಲ್ಲ" ಎನ್ನುತ್ತಾರೆ. ಅಂದಿನಿಂದ ಯಾವ ಬೀಜವಾದರೂ ಶಂಕ್ರೆವ್ವನ ಕೈಯಲ್ಲಿ ತೆನೆಯೊಳಗೇ, ನೆರಳಲ್ಲೇ, ತನಗೆ ಬೇಕಾದಷ್ಟು ದಿನ ತೆಗೆದುಕೊಂಡು ಒಣಗಬೇಕು. ಸಾಕ್ಷಾತ್ ದೇವರು ಬಂದು ಅವಸರ ಮಾಡಿದರೂ ಅಷ್ಟೇ.

ಕಳೆದ ವರ್ಷ, 2004ರ ಏಪ್ರಿಲ್‌ನಲ್ಲಿ, ಅವಸರ ಮಾಡಿದ್ದು ದೇವರಲ್ಲ, ಸಂಘದ ಮ್ಯಾನೇಜರ್ ಭೀಮಶ್ಯಾ. ಅವರದ್ದೂ ತಪ್ಪೆನ್ನುವಂತಿಲ್ಲ. ಸಂಜೆಯಾದರೆ ಪಡುವಣದಲ್ಲಿ ಮೋಡ, ಗುಡುಗು. ಅಡ್ಡಮಳೆಗೆ ಹೆದರಿ, ಬೆನ್ನು ಇನ್ನೂ ಹಸಿರಿದ್ದ ತೆನೆಗಳನ್ನೇ ಕೊಯ್ಯಿಸಿ ಮೂರು ಟ್ರೇಲರ್ ತುಂಬಿ ತಂದಿದ್ದರು. ಇಂಡಿ, ಸಿಂದಗಿ ಕಡೆಯ ನಲವತ್ತು ರೈತರು ಜೂನ್‌ನ ಮಿರಗದ ಮಳೆಯ ಬಿತ್ತನೆಗೆ ಇದೇ ಬೀಜಕ್ಕೆ ಹೆಸರು ಬರೆಸಿದ್ದರು. ಮೊದಲ ಟ್ರೇಲರ್ ಬಂದದ್ದೇ ತೆನೆ ಬಡಿಸಿ, ಬೀಜ ಉದುರಿಸಿ, ಕಾದ ಸಿಮೆಂಟಿನ ಕಣದ ಮೇಲೆ ಹರವಿಸಿಯೂ ಆಯಿತು. ಎರಡನೆಯದಕ್ಕೆ ಆಳುಗಳು ಕೈ ಹಚ್ಚುವಷ್ಟರಲ್ಲಿ ಶಂಕ್ರೆವ್ವ ಅಡ್ಡ ನಿಂತರು.

"ಸಾಹೇಬ್ರ, ಇವು ಇನ್ನಾ ಎಳೀ ಅದಾವು. ಎಂಟು ದಿನ ತೆನ್ಯಾಗ ಇರ್ಲಿ. ಶೆಡ್ಡಿನ್ಯಾಗ ನಾ ಮಗ್ಗಲಾ ಹೊಳ್ಳಸ್ತೇನಿ."

"ಎಂಟು ದಿನ? ಬೂಸ್ಟು ಹಿಡದ್ರ ಯಾರು ಹೊಣಿ?"

"ನಾನ ರೀ."

"ಹಂಗಾರ ಕೇಳಿಸ್ಕೋ ಶಂಕ್ರೆವ್ವ, ಈ ಬೀಜ ಕೆಟ್ರ ನೀ ಮತ್ತ ಈ ಶೆಡ್ಡಿಗೆ ಬರೂದು ಬ್ಯಾಡ."

ಇಡೀ ಮನೆ ನಿಂತಿರುವುದೇ ಈಕೆಯ ದುಡಿಮೆಯ ಮೇಲೆ. ಆದರೂ ಬಾಯಿಂದ ಹೋದ ಮಾತು ಹಿಂದೆ ತೆಗೆದುಕೊಳ್ಳುವ ಜಾಯಮಾನವಲ್ಲ. ಎಂಟು ದಿನ ಶೆಡ್ಡು ಬಿಟ್ಟು ಕದಲಲಿಲ್ಲ. ತೆನೆಯ ಬೆನ್ನು ಒಣಗಿ ಕಂದು ಬಣ್ಣಕ್ಕೆ ತಿರುಗಿದ ಮೇಲೆಯೇ ಬಡಿಯಲು ಬಿಟ್ಟರು. ಅಷ್ಟಕ್ಕೇ ಮುಗಿಯಲಿಲ್ಲ. ಹೊಸ ಸೂರ್ಯಕಾಂತಿ ಬೀಜ ತಿಂಗಳೊಪ್ಪತ್ತು ನಿದ್ದೆ ಹೊಡೆಯುತ್ತದೆ, ಆಗ ಮೊಳಕೆ ಪರೀಕ್ಷೆ ಮಾಡಿದರೂ ಸತ್ತಿದೆಯೋ ಮಲಗಿದೆಯೋ ತಿಳಿಯದು. ಮೇ ಕೊನೆಯವರೆಗೆ ಕಾಯಬೇಕಾಯಿತು. "ಬಾಯಾಗ ರೊಟ್ಟಿ ಇಳೀವಲ್ದಾಗಿತ್ತ್ರಿ. ನಲವತ್ತು ಮನಿ ಹೊಲ ನನ್ನ ಎದಿ ಮ್ಯಾಲ ಕುಂತಂಗ ಆಗಿತ್ತು" ಎಂದು ಈಗ ನಗುತ್ತಾರೆ.

ಫಲಿತಾಂಶದ ದಿನ ಮನೆಯಲ್ಲಿ ಕೂರಲಾಗದೆ ಬಿಜಾಪುರದ ಬಸ್ಸು ಹತ್ತಿದರು. ಬೀಜ ಪರೀಕ್ಷೆಯ ಪ್ರಯೋಗಾಲಯದಲ್ಲಿದ್ದವರು ಮುದ್ದೇಬಿಹಾಳದ ನಿಷತ್ ಎಂಬ ತರುಣಿ. ಒದ್ದೆ ಕಾಗದದ ಸುರುಳಿ ಬಿಚ್ಚಿ ನೂರು ನೂರು ಬೀಜ ಎಣಿಸಿ ತೋರಿಸಿದರು. ಪಾಸಾಗಲು ಎಪ್ಪತ್ತು ಮೊಳೆಯಬೇಕು. ಕಣದಲ್ಲಿ ಒಣಗಿದ್ದು, ನಲವತ್ತೊಂದು. ಶೆಡ್ಡಿನ ನೆರಳಿನದು, ಎಂಬತ್ತಾರು! ಶಂಕ್ರೆವ್ವ ಅಲ್ಲೇ ಗೋಡೆಗೆ ಒರಗಿ ಕೂತು ಗಳಗಳ ಅತ್ತುಬಿಟ್ಟರು. ಇಷ್ಟು ದಿನ ಎದೆಯಲ್ಲಿ ಹೊತ್ತಿದ್ದ ಭಾರವೆಲ್ಲ ಇಳಿದ ಅಳು ಅದು.

ಒಂದೇ ಹೊಲದ ಬೀಜ, ಒಂದೇ ದಿನದ ಕೊಯ್ಲು. ಹೀಗ್ಯಾಕೆ? ನಿಷತ್ ಎರಡೂ ಬಗೆಯ ಬೀಜಗಳನ್ನು ಬೇರೆ ಬೇರೆ ಅರೆದು, ಗಾಯ ತೊಳೆಯುವ ಹೈಡ್ರೋಜನ್ ಪೆರಾಕ್ಸೈಡನ್ನು ಮೇಲೆ ಹನಿಸಿದರು. ಕಣದ ಬೀಜ ನಾಲ್ಕು ಗುಳ್ಳೆ ಎಬ್ಬಿಸಿ ಸುಮ್ಮನಾಯಿತು. ನೆರಳಿನ ಬೀಜ ಹಾಲಿನಂತೆ ಉಕ್ಕಿತು.

"ಇದು ಲೆಕ್ಕದ ಪರೀಕ್ಷೆ ಅಲ್ಲ ಅವ್ವಾರ, ನಿಮಗ ತೋರಸಾಕ ಮಾಡೇನಿ" ಎಂದರು ನಿಷತ್. "ಕಾಳಿನಾಗಿಂದ ನೀರು ಹೋಗೂ ಮುಂದ ಒಳಗ ಇಂಥದ್ದ ವಿಷ ಹುಟ್ಟತೈತಿ. ಅದನ್ನ ಕಳ್ಯಾಕ ಬೀಜದಾಗ ಕಿಣ್ವ ಇರ್ತಾವು, ಮನಿ ಹಸನ ಮಾಡೂ ಮಂದಿ ಇದ್ದಂಗ. ಎಳೀ ಬೀಜದಾಗ ಅವು ಕಡಿಮಿ. ನಿಧಾನಕ ಒಣಗಿದ್ರ ಹೆಚ್ಚಾಗಾಕ ಪುರಸೊತ್ತು ಸಿಗತೈತಿ. ಒಮ್ಮೆಲೆ ಒಣಗಿಸಿದ್ರ ವಿಷದ ಕೈ ಮ್ಯಾಲಾಗತೈತಿ."

ಪುಸ್ತಕದಲ್ಲಿ ಆ ಕಿಣ್ವಗಳಿಗೆ ದೊಡ್ಡ ದೊಡ್ಡ ಹೆಸರಿವೆ. ಸೂಪರ್‌ಆಕ್ಸೈಡ್ ಡಿಸ್ಮ್ಯುಟೇಸ್ ಒಂದು, ಕ್ಯಾಟಲೇಸ್ ಇನ್ನೊಂದು. ಮೊದಲನೆಯದು ಆಮ್ಲಜನಕದ ಪುಂಡು ರೂಪವನ್ನು ಪೆರಾಕ್ಸೈಡಿಗೆ ಇಳಿಸುತ್ತದೆ. ಎರಡನೆಯದು ಆ ಪೆರಾಕ್ಸೈಡನ್ನು ಒಡೆದು ಬರೀ ನೀರು, ಆಮ್ಲಜನಕ ಮಾಡುತ್ತದೆ; ಹಾಲಿನಂತೆ ಉಕ್ಕಿದ ನೊರೆ ಅದರದ್ದೇ. ಇವೆರಡೂ ಸೋತರೆ ಬೀಜದೊಳಗಿನ ಎಣ್ಣೆ ಕೆಡುತ್ತದೆ, ಜೀವಕೋಶದ ಪೊರೆ ಹರಿಯುತ್ತದೆ, ಮೇಲುನೋಟಕ್ಕೆ ಮಾತ್ರ ಬೀಜ ಗರಿಗರಿ. ಶಂಕ್ರೆವ್ವ ಈ ಹೆಸರುಗಳನ್ನು ನೆನಪಿಟ್ಟುಕೊಳ್ಳುವ ಗೋಜಿಗೆ ಹೋಗಿಲ್ಲ. "ಹೆಸರು ಏನರ ಇರ್ಲ್ರಿ. ಒಳಗ ಯಾರೋ ದುಡ್ಯಾಕತ್ತಾರಂತ ನನಗ ಮೊದಲ ಗೊತ್ತಿತ್ತು" ಎನ್ನುತ್ತಾರೆ.

ಒಂದು ಟ್ರೇಲರ್ ಬೀಜ ಎಣ್ಣೆ ಗಾಣಕ್ಕೆ ಹೋಯಿತು. ಎರಡು ಉಳಿದವು, ಒಬ್ಬೊಬ್ಬರಿಗೆ ತುಸು ಕಡಿಮೆಯಾದರೂ ನಲವತ್ತು ಮಂದಿಗೂ ಬಿತ್ತನೆಗೆ ಹಂಚಿದ್ದಾಯಿತು. ಭೀಮಶ್ಯಾ ತಪ್ಪಾಯಿತು ಎಂದರೇ? ಇಲ್ಲ, ಅದೆಲ್ಲ ಅವರ ಬಾಯಲ್ಲಿ ಬರುವಂಥದ್ದಲ್ಲ. ಆದರೆ ಈ ಸಲ ತೆನೆ ಬಂದ ದಿನ ಟ್ರ್ಯಾಕ್ಟರ್ ನಿಲ್ಲಿಸಿ, "ಬಡಿಯೂದು ಯಾವತ್ತು ಇಟ್ಕೊಳ್ಳೂಣು ಶಂಕ್ರೆವ್ವಕ್ಕ?" ಎಂದು ಕೇಳಿದ್ದಾರೆ. ಆ ಒಂದು 'ಅಕ್ಕ'ನಿಗೆ ಶೆಡ್ಡಿನ ಹೆಣ್ಣುಮಕ್ಕಳು ಇಡೀ ವಾರ ನಕ್ಕಿದ್ದಾರೆ.

ಚೀಲಗಳಿಗೆ ಕಟ್ಟುವ ಚೀಟಿಯಲ್ಲಿ ಸಂಘದ ಹೆಸರಿರುತ್ತದೆ, ತಳಿಯ ಹೆಸರಿರುತ್ತದೆ, ಮೊಳಕೆಯ ಪ್ರಮಾಣ ಇರುತ್ತದೆ. ಒಣಗಿಸಿದವರ ಹೆಸರಿಗೆ ಜಾಗವಿಲ್ಲ. ನಿಮ್ಮ ಹೆಸರೂ ಇರಬೇಕಿತ್ತು ಅನ್ನಿಸುವುದಿಲ್ಲವೇ ಎಂದರೆ, ಓದು ಬಾರದ ಶಂಕ್ರೆವ್ವ ಕಳೆದ ವರ್ಷದ ಒಂದು ಚೀಟಿ ತಂದು ಅಂಕಿಯ ಮೇಲೆ ಬೆರಳಿಡುತ್ತಾರೆ.

"ಎಂಬತ್ತಾರು ಅಂತ ಬರ್ದಾರಲ್ರಿ. ಅದು ನಾನ."