ಬೆನ್ನ ಹಿಂದಿನ ಕೈ

ಆ ಹೈಸ್ಕೂಲಿನ ಪಿ.ಟಿ. ಮೇಷ್ಟ್ರಿಗೆ ತಮ್ಮ ನೆರಳಿನ ಮೇಲೂ ನಂಬಿಕೆ ಇರಲಿಲ್ಲ. ಹೊಟ್ಟೆನೋವು ಅಂತ ಯಾರಾದರೂ ಮರದಡಿ ಕೂತರೆ ಸದ್ದಿಲ್ಲದೆ ಒಂದು ಚೆಂಡನ್ನು ಅವರತ್ತ ಉರುಳಿಸುತ್ತಿದ್ದರು. ಕಾಲು ತಾನಾಗಿ ಒದ್ದಿತೋ, ಹೊಟ್ಟೆನೋವು ಸುಳ್ಳು! ಬೇರೆ ಶಾಲೆಯ ತಂಡ ಬಂದರೆ ಅವರು ಮೊದಲು ನೋಡುತ್ತಿದ್ದದ್ದು ಆಟವನ್ನಲ್ಲ, ಮೀಸೆಯನ್ನು. "ಇವನು ಒಂಬತ್ತನೇ ಕ್ಲಾಸಾ? ಇವನ ಮಗ ಇರ್ಬೇಕು ಒಂಬತ್ತನೇ ಕ್ಲಾಸಲ್ಲಿ!" ಎಂದು ಗೊಣಗುತ್ತಿದ್ದರು. ಪರರು ಎಳೆದ ಸುಣ್ಣದ ಗೆರೆಯನ್ನು ತಮ್ಮದೇ ಟೇಪಿನಿಂದ ಇನ್ನೊಮ್ಮೆ ಅಳೆಯದೆ ಒಬ್ಬರನ್ನೂ ಓಡಲು ಬಿಟ್ಟವರಲ್ಲ.

ಮನೆಯಲ್ಲೂ ಇದೇ ಕಥೆ. "ರೀ, ಹಾಲು ಉಕ್ಕಿತು ಅಂದ್ರೂ ಎದ್ದು ಬಂದು ನೋಡ್ತೀರಲ್ಲ, ನಾನೇನು ಎದುರು ಟೀಮಿನವಳಾ?" ಎಂದು ಹೆಂಡತಿ ಕೇಳಿದರೆ, "ಉಕ್ಕಿದೆಯೋ ಇಲ್ವೋ, ಕಣ್ಣಾರೆ ಕಂಡ್ರೆ ಏನು ನಷ್ಟ?" ಎನ್ನುತ್ತಿದ್ದರು.

ಈ ರೋಗಕ್ಕೆ ಮೂಲ ರಿಲೇ ಓಟ. ಅವರು ಕೆಲಸಕ್ಕೆ ಸೇರಿದ ವರ್ಷವೇ ಗೆಲ್ಲಬೇಕಿದ್ದ ತಂಡದ ಕೋಲು ಕೈಯಿಂದ ಕೈಗೆ ಹೋಗುವಾಗ ಬಿದ್ದುಹೋಗಿತ್ತು. ಹೆಡ್‌ಮಾಸ್ಟರು ಇವರನ್ನು ಇಡೀ ಶಾಲೆಯ ಮುಂದೆ ನಿಲ್ಲಿಸಿ ಬೈದರು. ಅಂದಿನಿಂದ ಮೇಷ್ಟ್ರ ಪಾಠ ಒಂದೇ: ಕೋಲು ತೆಗೆದುಕೊಳ್ಳುವವರು ಹಿಂದೆ ತಿರುಗಿ ನೋಡಬೇಕು. ಮೊದಲು ಕಣ್ಣಲ್ಲಿ ಹಿಡಿ, ಆಮೇಲೆ ಕೈಯಲ್ಲಿ. ಬೇರೆ ಶಾಲೆಯವರು ಮುಂದೆ ನೋಡಿಕೊಂಡೇ ಓಡುತ್ತ ಬೆನ್ನ ಹಿಂದೆ ಬರೀ ಕೈಚಾಚಿ ಕೋಲು ಪಡೆಯುತ್ತಿದ್ದರು. ಅದು ವೇಗ, ನಿಜ. ಆದರೆ ಬೆನ್ನ ಹಿಂದೆ ಏನು ನಡೆಯುತ್ತದೆ ಎಂದು ಯಾರಿಗೆ ಗೊತ್ತು? ಆಮೇಲೆ ಅವರ ಸರ್ವೀಸಿನಲ್ಲಿ ಕೋಲು ಬೀಳಲೇ ಇಲ್ಲ. ಮೊದಲ ಸ್ಥಾನವೂ ಬರಲಿಲ್ಲ.

ಈಗ ನಿವೃತ್ತಿಯ ವರ್ಷ. ಕೊನೆಯ ಕ್ರೀಡಾಕೂಟ ಹತ್ತಿರ ಬಂದಿತ್ತು. ಈ ಬಾರಿಯಾದರೂ ಮೊದಲ ಸ್ಥಾನ ಬೇಕೆಂಬ ಆಸೆ ಒಳಗೇ ಇತ್ತು, ಬಾಯಿಬಿಟ್ಟು ಹೇಳಿರಲಿಲ್ಲ. ಆಗಲೇ ಅವರಿಗೆ ವಾಸನೆ ಬಡಿಯಿತು: ರಿಲೇ ಹುಡುಗಿಯರು ನಾಲ್ವರೂ ಇವರನ್ನು ಕಂಡೊಡನೆ ಮಾತು ನುಂಗುತ್ತಿದ್ದಾರೆ. ಅಭ್ಯಾಸ ಮುಗಿದ ಮೇಲೂ ಮನೆಗೆ ಹೋಗದೆ ಅಲ್ಲೇ ಸುಳಿದಾಡುತ್ತಾರೆ. ಏನೋ ಮಸಲತ್ತು ನಡೆದಿದೆ!

ಒಂದು ಸಂಜೆ ಮೇಷ್ಟ್ರು ಮನೆಗೆ ಹೊರಟವರಂತೆ ನಟಿಸಿ, ಆಟದ ಸಾಮಾನಿನ ಕೋಣೆಯಲ್ಲಿ ಹೈಜಂಪ್ ಹಾಸುಗಳ ಹಿಂದೆ ಅಡಗಿ ಕೂತರು. ಧೂಳಿಗೆ ಸೀನು ಬಂದರೂ ಮೂಗು ಹಿಂಡಿಕೊಂಡರು. ಕಿಟಕಿಯಿಂದ ನೋಡಿದರೆ ಮೈದಾನದಲ್ಲಿ ನಿಂತವಳು ಉದ್ದಕಾಲಿ! ಶಾಲೆಯಲ್ಲಿ ಎಲ್ಲರೂ ಹಾಗೆ ಕರೆಯುತ್ತಿದ್ದ ಇವರದೇ ಹಳೆಯ ಶಿಷ್ಯೆ, ರಿಲೇಯಲ್ಲಿ ಕೊನೆಯ ಓಟಗಾರ್ತಿ. ಈಗ ಎದುರಾಳಿ ಶಾಲೆಯ ಕೋಚ್. "ಮುಂದೆ ನೋಡ್ರೇ! ಕೈ ಮಾತ್ರ ಹಿಂದೆ!" ಎಂದು ಇವರ ಹುಡುಗಿಯರಿಗೇ ಕಲಿಸುತ್ತಿದ್ದಾಳೆ. ಗುರುವಿಗೇ ತಿರುಮಂತ್ರ!

ಮೈತುಂಬ ಧೂಳಿನೊಂದಿಗೆ ಮೇಷ್ಟ್ರು ಹೊರಗೆ ಹಾರಿದರು. ಹುಡುಗಿಯರು ಕಿರುಚಿದರು.

"ಏನಮ್ಮಾ, ನಿನ್ನ ಟೀಮ್ ಗೆಲ್ಲಿಸೋಕೆ ನನ್ನ ಟೀಮ್ ಹಾಳ್ಮಾಡೋ ಪ್ಲಾನಾ?"

"ಅಯ್ಯೋ ಸರ್, ಇವ್ರೇ ಬಂದು ಹೇಳ್ಕೊಡಿ ಅಂದ್ರು. ನಾನೂ ನಿಮ್ಮ ಮಾತು ಕೇಳಿ ತಿರುಗಿ ತಿರುಗಿ ನೋಡ್ಕೊಂಡೇ ಓಡಿದ್ನಲ್ಲ. ಪ್ರತಿಸಲ ಎರಡನೇ ಸ್ಥಾನ. ಕುತ್ತಿಗೆ ನೋವು ಬೇರೆ."

"ಎದುರಾಳಿಗೆ ಯಾರಾದ್ರೂ ಸುಮ್ಸುಮ್ನೆ ಹೇಳ್ಕೊಡ್ತಾರಾ?"

"ಎದುರಿಗೆ ಓಡೋರು ಗಟ್ಟಿ ಇದ್ರೇನೇ ನನ್ನ ಹುಡುಗೀರೂ ಓಡೋದು ಸರ್."

ಮೇಷ್ಟ್ರು ಒಂದಕ್ಷರವನ್ನೂ ನಂಬಲಿಲ್ಲ. ಆದರೆ ಕೊನೆಯ ಓಟಗಾರ್ತಿ, ಎಲ್ಲರೂ ಮಿಡತೆ ಎಂದು ಕರೆಯುತ್ತಿದ್ದವಳು, ಸೊಂಟದ ಮೇಲೆ ಕೈಯಿಟ್ಟು ನಿಂತಳು. "ಹಿಂಗೇ ಓಡ್ತೀವಿ ಸರ್. ಬೇಡ ಅಂದ್ರೆ ಓಡೋದೇ ಇಲ್ಲ." ಉಳಿದ ಮೂವರೂ ತಲೆಯಾಡಿಸಿದರು. ಬೇರೆ ತಂಡ ಕಟ್ಟುವಷ್ಟು ದಿನವಿರಲಿಲ್ಲ. ಮೇಷ್ಟ್ರು ಕಹಿ ಔಷಧಿ ಕುಡಿದವರಂತೆ "ಹ್ಞೂಂ" ಎಂದರು. ಎಂದರೇ ಹೊರತು, ಉದ್ದಕಾಲಿ ಅದರಲ್ಲೇನೋ ಕೊಕ್ಕೆ ಇಟ್ಟಿದ್ದಾಳೆ ಎಂಬ ಗುಮಾನಿ ಮಾತ್ರ ಮನಸ್ಸಿನಿಂದ ಹೋಗಲಿಲ್ಲ.

ಕೂಟದ ದಿನ ಬೆಳಿಗ್ಗೆ ಅರ್ಹತಾ ಸುತ್ತು. ಮೇಷ್ಟ್ರು ಕೊನೆಯ ಸಲ ಕೋಲು ಬದಲಾಗುವ ಜಾಗದಲ್ಲಿ, ಹಗ್ಗದಾಚೆ, ಮಿಡತೆಯಿಂದ ಕೈಯಳತೆಯಲ್ಲಿ ಗೂಟದಂತೆ ನಿಂತರು. ಮೊದಲೆರಡು ಬದಲಾವಣೆ ಬೆಣ್ಣೆಯಿಂದ ಕೂದಲು ತೆಗೆದಂತೆ ಆಯಿತು. ಮೂರನೆಯದರಲ್ಲಿ ಕೋಲು ಠಣ್ಣೆಂದು ನೆಲಕ್ಕೆ!

ಕೊಡುವವಳೇ ಎತ್ತಿ ಕೊಟ್ಟಳು, ಮಿಡತೆ ಓಡಿದಳು, ತಂಡ ಎಲ್ಲರಿಗಿಂತ ಹಿಂದೆ ಮುಟ್ಟಿತು. ಅದೃಷ್ಟಕ್ಕೆ ಇನ್ನೆರಡು ತಂಡಗಳು ಬದಲಾವಣೆಗೆ ಗುರುತಿಸಿದ ಗೆರೆ ದಾಟಿದ ಮೇಲೆ ಕೋಲು ಬದಲಿಸಿದ್ದರಿಂದ ಆಟದಿಂದಲೇ ಹೊರಬಿದ್ದವು. ಇವರು ಹೇಗೋ ಫೈನಲ್ಲಿಗೆ ನುಸುಳಿದರು.

"ನೋಡಿದ್ರಾ? ನಾನು ಹೇಳ್ಲಿಲ್ವಾ? ಬೀಳೋ ಹಾಗೇ ಕಲಿಸಿದ್ದಾಳೆ ಅವಳು!" ಮೇಷ್ಟ್ರು ಹಾರಾಡಿದರು. "ಮಧ್ಯಾಹ್ನ ನನ್ನ ಥರಾನೇ ಓಡ್ಬೇಕು."

ಮಿಡತೆ ಕಣ್ಣೊರೆಸಿಕೊಂಡಳು. "ಕೋಚ್ ಅಕ್ಕಂದೇನೂ ತಪ್ಪಿಲ್ಲ ಸರ್. ನಾನು ತಿರುಗಿ ನೋಡ್ಬಿಟ್ಟೆ. ತಿರುಗಿದ ತಕ್ಷಣ ಕೈ ಪಕ್ಕಕ್ಕೆ ಹೋಯ್ತು."

"ಮುಂದೆ ನೋಡ್ತೀನಿ ಅಂತ ನೀನೇ ತಾನೇ ಹಟ ಮಾಡಿದ್ದು? ಮತ್ಯಾಕೆ ತಿರುಗಿದೆ?"

"ನೀವು ಪಕ್ಕದಲ್ಲೇ ನಿಂತಿದ್ರಲ್ಲ. ನೀವಿದ್ರೆ ಕುತ್ತಿಗೆ ತಾನೇ ತಿರುಗುತ್ತೆ ಸರ್."

ಮೇಷ್ಟ್ರು ಇನ್ನೊಬ್ಬಳ ಮುಖ ನೋಡಿದರು. ಅವಳು ನೆಲ ನೋಡುತ್ತ, "ನಂಗೂ ಹಂಗೇ ಸರ್" ಎಂದಳು. ಇಷ್ಟು ವರ್ಷ ಎಲ್ಲರಲ್ಲೂ ಹುಳುಕು ಹುಡುಕಿದವರಿಗೆ ಈಗ ಹುಡುಕಲು ಉಳಿದದ್ದು ಒಬ್ಬರೇ. ಊಟದ ಡಬ್ಬಿ ತೆರೆದರು, ಮುಚ್ಚಿದರು.

ಫೈನಲ್ಲಿಗೆ ಕರೆ ಬಂತು. ಮೇಷ್ಟ್ರು ಎದ್ದು, "ಅವಳು ಕಲಿಸಿದ ಹಾಗೇ ಓಡಿ. ನಾನು ಇಲ್ಲಿರಲ್ಲ" ಎಂದರು. ಹುಡುಗಿಯರು ನಂಬಲಿಲ್ಲ. ಎಲ್ಲಿ ಅಡಗಿ ನೋಡುತ್ತಾರೋ ಎಂದು ಮಿಡತೆ ಅವರನ್ನು ಕಣ್ಣಲ್ಲೇ ಹಿಂಬಾಲಿಸಿದಳು. ಅವರು ನಿಜಕ್ಕೂ ಮೈದಾನ ದಾಟಿ, ನೀರಿನ ಟ್ಯಾಂಕಿನ ಹಿಂದೆ ಹೋಗಿ ಗೋಡೆಗೆ ಮುಖಮಾಡಿ ನಿಂತರು.

ಪಿಸ್ತೂಲು ಸಿಡಿಯಿತು. ಮೇಷ್ಟ್ರ ಕುತ್ತಿಗೆಯ ನರ ಉಬ್ಬಿತು. ಗೋಡೆಯನ್ನು ಎರಡೂ ಕೈಯಲ್ಲಿ ಒತ್ತಿ ಹಿಡಿದರು. ಒಂದು ಕೂಗು, ಇನ್ನೊಂದು ಕೂಗು. ನಡುವೆ ಉದ್ದಕಾಲಿಯ ದನಿ ಎಲ್ಲಕ್ಕಿಂತ ಮೇಲೆ: "ಓಡ್ರೇ! ಓಡ್ರೇ!" ಯಾರಿಗೆ ಹೇಳುತ್ತಿದ್ದಾಳೆ, ಅವಳ ತಂಡಕ್ಕೋ ಇವರದಕ್ಕೋ? ತಿರುಗಿದರೆ ತಿಳಿಯುತ್ತಿತ್ತು. ತಿರುಗಲಿಲ್ಲ. ಗದ್ದಲ ಮುಗಿಲು ಮುಟ್ಟಿ, ಇಳಿಯಿತು.

ಮಿಡತೆ ಏದುಸಿರು ಬಿಡುತ್ತ ಟ್ಯಾಂಕಿನ ಹಿಂದಕ್ಕೆ ಬಂದಳು. "ಸರ್! ಫಸ್ಟು!"

"ಕೋಲು?"

"ಬೀಳ್ಲಿಲ್ಲ ಸರ್!"

ಮೇಷ್ಟ್ರು ಅವಳ ತಲೆ ಸವರಿದರು. ಕಣ್ಣು ಒದ್ದೆಯಾಗಿತ್ತು. ಆದರೂ ಒಂದು ಕ್ಷಣ ಅವಳನ್ನು ಓರೆಯಾಗಿ ನೋಡಿ, "ನಿಜ ತಾನೇ?" ಎಂದರು. ಆಮೇಲೆ ದಡದಡನೆ ನಡೆದುಹೋಗಿ ಮೂವರು ತೀರ್ಪುಗಾರರನ್ನೂ ಬೇರೆ ಬೇರೆಯಾಗಿ ಕರೆದು ವಿಚಾರಿಸಿದರು.